ಮೋಡ ಬಿಟ್ಟರೆ ಜ್ವಾಲಾಮುಖಿ

"ಜ್ವಾಲಾಮುಖಿ ಹೇಗಿತ್ತೋ?" ನಾಣಿ ಕೇಳಿದ.

"ಇತ್ತು ಕಣೋ," ಅಂದ ಸೀನ.

"ಇತ್ತು ಅಂದ್ರೆ?"

"ಇದೆ ಅಂತ ಬೋರ್ಡ್ ಹಾಕಿದ್ರು."

ಸೀನ ಐಸ್‌ಲ್ಯಾಂಡಿನ ಪಶ್ಚಿಮ ಮೂಲೆಯ ಸ್ನೈಫೆಲ್ಸ್‌ನೆಸ್ ಅನ್ನೋ ಪರ್ಯಾಯ ದ್ವೀಪ ಸುತ್ತಿ ಬಂದಿದ್ದ. ಸಮುದ್ರದೊಳಕ್ಕೆ ಸುಮಾರು 90 ಕಿಲೋಮೀಟರ್ ಚಾಚಿಕೊಂಡ ನೆಲ. ತುದಿಯಲ್ಲಿ ಈ ಜ್ವಾಲಾಮುಖಿ, ಸ್ನೈಫೆಲ್ಸ್‌ಯೋಕುಲ್ ಬೆಟ್ಟ, ಎತ್ತರ 1446 ಮೀಟರ್, ನೆತ್ತಿಯ ಮೇಲೆ ಹಿಮನದಿ. ಅಷ್ಟನ್ನೂ ಮೋಡ ನುಂಗಿ ಕೂತಿತ್ತಂತೆ.

"ಹೋಗ್ಲಿ, ಹೊಗೆನಾದ್ರೂ ಬರ್ತಿತ್ತಾ?" ಶಾಂತಕ್ಕನ ಪ್ರಶ್ನೆ.

"ಅದು ಕೊನೇ ಸಲ ಉಕ್ಕಿ ಸುಮಾರು 1800 ವರ್ಷ ಆಯ್ತು ಅಕ್ಕ."

"ಹಾಗಿದ್ರೆ ನೀನು ಹೋಗಿದ್ದು ನೋಡೋಕಲ್ಲ ಬಿಡು, ಕ್ಷೇಮ ವಿಚಾರಿಸೋಕೆ."

ನಾಣಿ ಎಲ್ಲಿಗೂ ಹೋಗುವವನಲ್ಲ, ಆದರೆ ಎಲ್ಲವನ್ನೂ ಓದಿರುತ್ತಾನೆ. "ಸಾಮಾನ್ಯ ಬೆಟ್ಟ ಅಲ್ಲ ಅದು. 1864ರಲ್ಲಿ ಕಾದಂಬರಿಕಾರ ಜೂಲ್ಸ್ ವರ್ನ್ ತನ್ನ ಪಾತ್ರಗಳನ್ನ ಭೂಮಿ ಹೊಟ್ಟೆಯೊಳಕ್ಕೆ ಇಳಿಸಿದ್ದು ಅದರ ಬಾಯಿಂದಲೇ. ಇನ್ನೂ ಕೇಳಿ, 1993ರ ನವೆಂಬರ್ 5ಕ್ಕೆ ಅನ್ಯಗ್ರಹದವರು ಅಲ್ಲೇ ಬಂದಿಳೀತಾರೆ ಅಂತ ಸುದ್ದಿಯಾಗಿ ಜನ ಚಳಿಯಲ್ಲಿ ಕಾದು ನಿಂತಿದ್ರು."

"ಬಂದ್ರಾ?"

"ಇಲ್ಲ."

"ಬಂದಿರ್ತಾರೆ ಕಣೋ," ಅಂದರು ಶಾಂತಕ್ಕ. "ಮೋಡದಲ್ಲಿ ಬೆಟ್ಟ ಸಿಕ್ಕಿರಲ್ಲ. ಸೀನನ ಹಾಗೆ ಬೋರ್ಡ್ ಓದ್ಕೊಂಡು ವಾಪಸ್ ಹೋಗಿರ್ತಾರೆ."

ಗಾಳಿಯ ವಿಷಯ ಬಂದ ಮೇಲೆ ಸೀನನಿಗೆ ನಿಜವಾದ ಮಾತು ಬಂತು. ಬಾಡಿಗೆ ಕಾರಿನ ಕೌಂಟರಿನಲ್ಲಿ ಕೀಲಿ ಕೊಡುವ ಮೊದಲೇ ಪಾಠ: ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಬೇಕು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆಗೆಯಬೇಕು. ಗಾಳಿ ಬಾಗಿಲನ್ನು ಹಿಂದಕ್ಕೆ ಮುರಿದು ಹಾಕಿದರೆ ಸಾಮಾನ್ಯ ವಿಮೆಯಲ್ಲಿ ಅದು ಬರುವುದಿಲ್ಲ, ಬಿಲ್ಲು ಅಲ್ಲಿನ ದುಡ್ಡು ಕ್ರೋನಾದಲ್ಲಿ ಲಕ್ಷದ ಲೆಕ್ಕ.

"ಅದಕ್ಕೇ ನಾನು ಪ್ರತಿ ಜಾಗದಲ್ಲೂ ಮೊದಲು ಬಾಗಿಲು ನೋಡ್ಕೊಂಡೆ. ಆಮೇಲೆ ಸಮಯ ಉಳಿದ್ರೆ ಪ್ರಕೃತಿ."

"ಕಿರ್ಕ್ಯುಫೆಲ್ ನೋಡಿದ್ಯಾ? ಎಲ್ಲರ ಫೋಟೋದಲ್ಲೂ ಇರುತ್ತಲ್ಲ, ಚೂಪು ಟೋಪಿ ಥರದ ಬೆಟ್ಟ?"

"ನೋಡ್ದೆ. ಜಲಪಾತದ ಪಕ್ಕ ನಿಂತ್ರೆ ಮಾತ್ರ ಟೋಪಿ. ರಸ್ತೆಯಲ್ಲಿ ಇನ್ನೊಂಚೂರು ಮುಂದೆ ಹೋಗು, ಉದ್ದಕ್ಕೆ ಮಲಗಿರುತ್ತೆ. ಫೋಟೋ ತೆಗೆಯೋರೆಲ್ಲ ಒಂದೇ ಜಾಗದಲ್ಲಿ ಯಾಕೆ ಕಿತ್ತಾಡ್ತಾರೆ ಅಂತ ಆಗ ಗೊತ್ತಾಯ್ತು."

ಮದುವೆ ಫೋಟೋದಲ್ಲಿ ಯಾವಾಗಲೂ ಎಡಗೆನ್ನೆಯನ್ನೇ ಕೊಡುವ ಸೀನನ ಬಾಯಲ್ಲಿ ಈ ಮಾತು!

ಬ್ಯಾರ್ನಾರ್‌ಹೊಫ್ನ್ ಎಂಬಲ್ಲಿ ಶಾರ್ಕ್ ಮಾಂಸದ ರುಚಿ ತೋರಿಸುತ್ತಾರೆ. ಗ್ರೀನ್‌ಲ್ಯಾಂಡ್ ಶಾರ್ಕ್ ಮಾಂಸ ಹಸಿಯಾಗಿ ತಿಂದರೆ ವಿಷ, ಅದಕ್ಕೆ ವಾರಗಟ್ಟಲೆ ಹುದುಗಿಸಿ, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ನೇತುಹಾಕುತ್ತಾರೆ.

"ತಿಂದ್ಯಾ?"

"ಮೊದಲು ಮೂಗು ತಿಂತು. ಅಮೋನಿಯಾ ವಾಸನೆ! ಬಾಯಿಗೆ ಬರೋ ಹೊತ್ತಿಗೆ ಕಣ್ಣಲ್ಲಿ ನೀರು."

ಆಮೇಲೆ ಸೀನ ಸ್ವಲ್ಪ ತಣ್ಣಗಾದ. ಡ್ಯೂಪಾಲೋನ್ಸ್‌ಸಂದುರ್ ಕಡಲತೀರದ ಫೋಟೋಗಳನ್ನು ತೆಗೆದ. ಲಾವಾ ಬಂಡೆಗಳ ನಡುವೆ ಇಳಿಯುವ ದಾರಿ. ಕೆಳಗೆ ಮರಳಿನ ಬದಲು ಕಪ್ಪು ಕಲ್ಲುಗಳು, ಒಂದೊಂದೂ ಅಲೆ ಉಜ್ಜಿ ಉಜ್ಜಿ ದುಂಡಗಾದದ್ದು, ಒದ್ದೆಯಾದರೆ ಎಣ್ಣೆ ಹಚ್ಚಿದ ಹೊಳಪು. ಒಂದನ್ನೂ ಜೇಬಿಗೆ ಹಾಕುವಂತಿಲ್ಲ. ಮಧ್ಯೆ ಮಧ್ಯೆ ತುಕ್ಕು ಹಿಡಿದ ಕಬ್ಬಿಣದ ಚೂರುಗಳು. ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಮೀನುಗಾರಿಕೆ ಹಡಗು 1948ರಲ್ಲಿ ಇಲ್ಲಿ ಒಡೆದು 14 ಜನ ಸತ್ತರು, ಐವರನ್ನು ಉಳಿಸಿಕೊಂಡರು. ಆ ಕಬ್ಬಿಣವನ್ನು ಯಾರೂ ಮುಟ್ಟದೆ ಹಾಗೇ ಬಿಟ್ಟಿದ್ದಾರೆ.

"ಆ ಸಮುದ್ರಕ್ಕೆ ದೋಣಿ ಇಳಿಸ್ತಿದ್ದೋರ ಎದೆ ಎಂಥದಿರಬೇಕು," ಅಂದರು ಶಾಂತಕ್ಕ.

"ಎದೆ ಅಲ್ಲ ಅಕ್ಕ, ಸೊಂಟ ನೋಡ್ತಿದ್ರು," ಅಂದ ನಾಣಿ. "ದಡದಲ್ಲಿ ನಾಲ್ಕು ಕಲ್ಲುಗಳಿವೆ. 154 ಕೆಜಿ, 100 ಕೆಜಿ, 54, ಕೊನೇದು 23. ದೋಣಿ ಕೆಲಸ ಬೇಕು ಅಂತ ಬಂದವನು ಕಲ್ಲನ್ನ ಸೊಂಟದೆತ್ತರದ ಕಟ್ಟೆಗೆ ಎತ್ತಿಡಬೇಕಿತ್ತು. 54ರದ್ದು ಏಳಲಿಲ್ಲ ಅಂದ್ರೆ ಮನೆಗೆ ನಡಿ. ಕೊನೇ ಕಲ್ಲಿನ ಹೆಸರೇ ಕೈಲಾಗದವನು ಅಂತ."

ಎಲ್ಲರ ಕಣ್ಣೂ ಸೀನನ ಮೇಲೆ.

"ಎತ್ತಿದೆ," ಅಂದ. "ಫೋಟೋ ಇದೆ."

ನಾನು ಫೋನು ಇಸಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಸೀನ ಬಗ್ಗಿದ್ದು ನಿಜ, ಮುಖ ಕೆಂಪಗಾಗಿದ್ದೂ ನಿಜ, ಕಲ್ಲನ್ನು ತಬ್ಬಿಕೊಂಡಿದ್ದ. ಆದರೆ ಕಲ್ಲಿನ ಅಡಿಗೂ ನೆಲಕ್ಕೂ ಒಂದು ಕಾಗದ ತೂರುವಷ್ಟೂ ಸಂದು ಕಾಣಲಿಲ್ಲ.

"ಇದು 100 ಕೆಜೀದು ಕಣೋ," ಸೀನ ಫೋನು ಕಿತ್ತುಕೊಂಡ. "ಎತ್ತಿದ್ದು ಇನ್ನೊಂದು."

"54ರದ್ದಾ?"

"ಅದರ ಪಕ್ಕದ್ದು."

"23!" ನಾಣಿ ಕುಣಿದ. "ಅಂದ್ರೆ ವಿಮಾನದವರು ತೂಗಿ ಬಿಡೋ ಸೂಟ್‌ಕೇಸು! ಅದನ್ನ ಶಾಂತಕ್ಕನೂ ತಂದು ನಿಲ್ಲಿಸ್ತಾರೆ."

"ತರ್ತಾರೆ," ಅಂದ ಸೀನ. "ಕಲ್ಲಿಗೆ ಚಕ್ರ ಹಾಕ್ಸಿಕೊಡು, ನಾನು 154ರದ್ದೂ ತರ್ತೀನಿ."