1971ರ ಟಾಪ್ಸ್ ಬೇಸ್‌ಬಾಲ್ ಕಾರ್ಡು: ಗ್ರೇಡ್ ಮಾಡ್ಸೋದಾ, ಹಂಗೇ ಇಟ್ಕೊಳ್ಳೋದಾ?

ವಿನೋಬನಗರದವ: ನಮಸ್ಕಾರ ಎಲ್ರಿಗೂ. ಅಮೆರಿಕದಲ್ಲಿದ್ದ ನಮ್ಮ ಚಿಕ್ಕಪ್ಪ ಈ ಸಲ ಊರಿಗೆ ಬಂದಾಗ ಒಂದು ಶೂ ಬಾಕ್ಸ್ ತುಂಬಾ ಹಳೇ ಬೇಸ್‌ಬಾಲ್ ಕಾರ್ಡು ಕೊಟ್ರು, ಜಾಸ್ತಿ 1971ರ ಟಾಪ್ಸ್ (ಆಟಗಾರರ ಫೋಟೋ ಕಾರ್ಡು ಮಾಡೋ ಅಮೆರಿಕದ ಕಂಪನಿ), ಸುತ್ತ ಕಪ್ಪು ಬಾರ್ಡರ್ ಇರೋವು, ಅದ್ರಲ್ಲಿ ಹೆಸರಾದ ಆಟಗಾರ ರಾಬರ್ಟೊ ಕ್ಲೆಮೆಂಟೆದೂ ಒಂದಿದೆ. ಪಿಎಸ್‌ಎಗೆ (ಕಾರ್ಡಿನ ಸ್ಥಿತಿ ನೋಡಿ 10ರವರೆಗೆ ಗ್ರೇಡ್ ಕೊಡೋ ಕಂಪನಿ) ಕಳ್ಸಿ ಸ್ಲ್ಯಾಬ್ (ಗ್ರೇಡ್ ಬರೆದಿರೋ ಗಟ್ಟಿ ಪ್ಲಾಸ್ಟಿಕ್ ಕವಚ) ಹಾಕ್ಸು ಅಂತ ಒಬ್ರು, ರಾ ಕಾರ್ಡೇ (ಗ್ರೇಡ್ ಮಾಡ್ಸದೇ ಇರೋದು) ಚೆಂದ ಅಂತ ಇನ್ನೊಬ್ರು. ಮಾರೋ ಯೋಚನೆ ಇಲ್ಲ. ಮುಂದೆ 1955ರ ಕ್ಲೆಮೆಂಟೆ ರೂಕಿ ಕಾರ್ಡ್ (ಆಟಗಾರನ ಮೊದಲ ಕಾರ್ಡು) ತಗೋಬೇಕು ಅಂತ ಆಸೆ ಇದೆ, ಅದನ್ನ ಗ್ರೇಡೆಡ್ಡೇ ತಗೋಬೇಕಾ? ಮತ್ತೆ ನಮ್ಮ ಮಳೆಗಾಲಕ್ಕೆ ಸ್ಲ್ಯಾಬ್ ಒಳಗಿದ್ರೆ ಸೇಫಾ?

ಸಾಗರದ ಅಡಿಕೆಮನೆ: ಎರಡನ್ನೂ ಬೇರೆ ಬೇರೆ ನೋಡಿ. ರೂಕಿ ಕಾರ್ಡ್ ಗ್ರೇಡೆಡ್ಡೇ ತಗೊಳ್ಳಿ, ಅದಕ್ಕೆ ಡೂಪ್ಲಿಕೇಟ್ ಕಾಟ, ಹೊಸದರ ಹಾಗೆ ಕಾಣಲಿ ಅಂತ ಅಂಚು ಕತ್ತರಿಸಿರೋ ಕಾಟ ಎರಡೂ ಇದೆ, ಶಿವಮೊಗ್ಗದಲ್ಲಿ ಕೂತು ಫೋಟೋ ನೋಡಿ ಹೇಳೋಕಾಗಲ್ಲ. ಸ್ಲ್ಯಾಬ್ ಮೇಲಿನ ಸರ್ಟಿಫಿಕೇಟ್ ನಂಬರನ್ನ ಕಂಪನಿ ಸೈಟಲ್ಲಿ ಹಾಕಿ ಚೆಕ್ ಮಾಡಿ, ಯಾಕಂದ್ರೆ ನಕಲಿ ಸ್ಲ್ಯಾಬೂ ಬರುತ್ತೆ. 9, 10 ಬೇಕಂತಿಲ್ಲ, 2 ಅಥವಾ 3 ಗ್ರೇಡಿಂದು ಸಾಕು, ಮುಖ ಕ್ಲೀನಾಗಿದ್ರೆ ನೋಡೋಕೆ ಅದೇ ಖುಷಿ. ಅಡಿಕೆ ಮಂಡಿಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡ್ಸೋದು ವ್ಯಾಪಾರಕ್ಕೆ, ಮನೆಲಿ ಕವಳ ಹಾಕೋಕೆ ಯಾರೂ ಅದನ್ನ ಕೇಳಲ್ಲ, ಇದೂ ಅಷ್ಟೇ. ಬಾಕ್ಸಲ್ಲಿರೋ ಕಾಮನ್ ಪ್ಲೇಯರ್ ಕಾರ್ಡುಗಳ್ನ ಮಾತ್ರ ಕಳ್ಸಬೇಡಿ, ಫೀಸು, ಹೋಗಿ ಬರೋ ಖರ್ಚು, ಕಸ್ಟಮ್ಸ್ ಎಲ್ಲಾ ಸೇರಿ ಕಾರ್ಡಿನ ಬೆಲೆ ದಾಟುತ್ತೆ.

ತೀರ್ಥಹಳ್ಳಿ ಕಲೆಕ್ಟರ್: ಒಪ್ತೀನಿ, ಆದ್ರೆ ಗ್ರೇಡಿನ ನಂಬರನ್ನ ದೇವ್ರ ಮಾತು ಅನ್ಕೋಬೇಡಿ. 1991ರಲ್ಲಿ ಪಿಎಸ್‌ಎ ಮೊದಲು ಗ್ರೇಡ್ ಮಾಡಿದ್ದೇ ಟಿ206 ಅನ್ನೋ ಹಳೇ ಸೆಟ್ಟಿನ ಹೋನಸ್ ವ್ಯಾಗ್ನರ್ ಕಾರ್ಡು, ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಹತ್ರ ಇದ್ದಿದ್ದು, 8 ಕೊಟ್ರು. 2013ರಲ್ಲಿ ಕಾರ್ಡ್ ಹರಾಜು ಹಾಕೋ ಬಿಲ್ ಮಾಸ್ಟ್ರೊ ಕೋರ್ಟಲ್ಲಿ ಒಪ್ಕೊಂಡ, ಅದರ ಅಂಚು ಕತ್ತರಿಸಿದ್ದೆ ಅಂತ. ಪ್ರಪಂಚದಲ್ಲೇ ಹೆಸರಾದ ಸ್ಲ್ಯಾಬಿನ ಕಥೆ ಇದು! ಅದಕ್ಕೇ ಕಾರ್ಡ್ ನೋಡೋದನ್ನ ನಾವೇ ಕಲೀಬೇಕು, ಅದಕ್ಕೆ ಕೈಲಿ ರಾ ಕಾರ್ಡ್ ಇರ್ಬೇಕು. ಒಂದು ಲೂಪ್ (ಸಣ್ಣ ಭೂತಗನ್ನಡಿ) ತಗೊಂಡು ನಿಮ್ಮ 71ರ ಕಾರ್ಡುಗಳ್ನ ನೋಡಿ: ಫೋಟೋ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತೆ, ಕಪ್ಪು ಅಕ್ಷರ ಮಾತ್ರ ಗಟ್ಟಿಯಾಗಿ ಒಂದೇ ಗೆರೆಯಲ್ಲಿ ಇರುತ್ತೆ, ಸ್ಕ್ಯಾನ್ ಮಾಡಿದ ನಕಲಿಲಿ ಅಕ್ಷರಾನೂ ಚುಕ್ಕಿಯಾಗ್ಬಿಡುತ್ತೆ. ಆಮೇಲೆ ಆ ಕಪ್ಪು ಬಾರ್ಡರ್, ಮೂಲೆ ಒಂಚೂರು ಉಜ್ಜಿದ್ರೂ ಒಳಗಿನ ಬಿಳಿ ಎದ್ದು ಕಾಣುತ್ತೆ, ಅದಕ್ಕೇ ಈ ಸೆಟ್ಟಲ್ಲಿ ಮೇಲಿನ ಗ್ರೇಡ್ ಸಿಗೋದು ಕಷ್ಟ. ಯಾರಾದ್ರೂ ಮಾರ್ಕರ್ ಪೆನ್ನಲ್ಲಿ ಆ ಬಿಳಿಗೆ ಕಪ್ಪು ಹಚ್ಚಿದಾರಾ ಅಂತ ಅಂಚನ್ನ ಓರೆಯಾಗಿ ಬೆಳಕಿಗೆ ಹಿಡ್ದು ನೋಡಿ, ಹಚ್ಚಿದ್ರೆ ಹೊಳಪು ಬೇರೆ ಇರುತ್ತೆ.

ಹೊಸನಗರ ಮಳೆ: ಮಳೆಗಾಲದ ಬಗ್ಗೆ ಯಾರೂ ಹೇಳ್ಲಿಲ್ವಲ್ಲ, ನಮ್ಮ ಕಡೆ ಅದೇ ಮುಖ್ಯ ಮಾರಾಯ್ರೆ. ಸ್ಲ್ಯಾಬ್ ಗಾಳಿ ಆಡದ ಹಾಗೆ ಸೀಲ್ ಆಗಿರಲ್ಲ, ತೇವ ಒಳಗೆ ಹೋಗುತ್ತೆ, ಆಷಾಢದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯೋ ಬೀರುಲಿಟ್ರೆ ಸ್ಲ್ಯಾಬ್ ಏನೂ ಕಾಪಾಡಲ್ಲ. ಸ್ಲೀವ್ (ತೆಳು ಪ್ಲಾಸ್ಟಿಕ್ ಕವರ್), ಟಾಪ್ ಲೋಡರ್ (ಮೇಲಿಂದ ಕಾರ್ಡ್ ಇಳಿಸೋ ಗಟ್ಟಿ ಕವರ್), ರಬ್ಬರ್ ಗ್ಯಾಸ್ಕೆಟ್ ಇರೋ ಡಬ್ಬ, ತೇವ ಹೀರೋ ಸಿಲಿಕಾ ಜೆಲ್, ತೇವ ಅಳೆಯೋಕೆ ಒಂದು ಸಣ್ಣ ಹೈಗ್ರೋಮೀಟರ್ ಬೇಕು. ತೇವ ಶೇಕಡ 45-50ರ ಹತ್ರ ಇದ್ರೆ ಒಳ್ಳೇದು, ತೀರಾ ಒಣಗಿಸಿದ್ರೂ ಕಾರ್ಡ್ ಬಾಗುತ್ತೆ. ಡಬ್ಬಕ್ಕೆ ಹಾಕೋದಾದ್ರೆ ಬೇಸಿಗೆ ಒಣಹವೆಲಿ ಹಾಕಿ, ಜುಲೈಲಿ ಮುಚ್ಚಿದ್ರೆ ಒಳಗಿನ ತೇವಾನೂ ಸೇರಿಸಿ ಮುಚ್ಚಿದಂಗೆ. ಗೋಡೆಗೆ ತಾಗಿಸಿ ಇಡಬೇಡಿ. ಇನ್ನೊಂದು, 1955ರ ಟಾಪ್ಸ್ ಈಗಿನ ಸೈಜಿಗಿಂತ ದೊಡ್ಡದು, ಟಾಪ್ಸ್‌ನವರು ಈಗಿನ ಸೈಜಿಗೆ ಬಂದಿದ್ದು 1957ರಲ್ಲಿ, ರಾ ತಗೊಂಡ್ರೆ ಮಾಮೂಲಿ ಸ್ಲೀವಿಗೆ ತುರುಕಬೇಡಿ.

ವಿನೋಬನಗರದವ: ತುಂಬಾ ಥ್ಯಾಂಕ್ಸ್. ಕ್ಲೆಮೆಂಟೆ ಕಾರ್ಡ್ ಈಗ ಮತ್ತೆ ನೋಡ್ದೆ, ಕೆಳಗಿನ ಎಡ ಮೂಲೆಲಿ ಬಿಳಿ ಕಾಣುತ್ತೆ, ಮುಂದೆ ಪ್ರಿಂಟಾಗಿರೋ ಸಹಿ ಪೂರ್ತಿ ಚೆನ್ನಾಗಿದೆ. 1971ರಲ್ಲೇ ವರ್ಲ್ಡ್ ಸೀರೀಸಲ್ಲಿ (ಅಮೆರಿಕದ ಬೇಸ್‌ಬಾಲ್ ಫೈನಲ್ಲು) ಎಂವಿಪಿ, ಅಂದ್ರೆ ಅತ್ಯುತ್ತಮ ಆಟಗಾರ, ಆದವನು, ಮುಂದಿನ ವರ್ಷ ಡಿಸೆಂಬರ್ 31ಕ್ಕೆ ನಿಕರಾಗುವಾ ಭೂಕಂಪದವರಿಗೆ ಸಾಮಾನು ತಗೊಂಡು ಹೋಗ್ತಾ ವಿಮಾನ ಬಿದ್ದು ಹೋದ. ಇದನ್ನ ರಾ ಆಗೇ ಇಟ್ಕೊಳ್ತೀನಿ, 55ರದ್ದು ಗ್ರೇಡೆಡ್. ಹೈಗ್ರೋಮೀಟರ್ ಯಾವ್ದು ತಗೊಳ್ಲಿ, ಡಿಜಿಟಲ್ಲಾ ಮುಳ್ಳಿಂದಾ?

ಹೊಸನಗರ ಮಳೆ: ಡಿಜಿಟಲ್. ಎರಡು ತಗೊಳ್ಳಿ, ಒಂದು ಡಬ್ಬದೊಳಗೆ ಒಂದು ಹೊರಗೆ, ಆಗ ಜೆಲ್ ಕೆಲಸ ಮಾಡ್ತಿದೆಯೋ ಇಲ್ವೋ ಗೊತ್ತಾಗುತ್ತೆ.