ಅಪ್ಪನ ಕತ್ತಿನ ಸ್ಕ್ಯಾನಲ್ಲಿ ನಾಳದ ಗೋಡೆ ದಪ್ಪ ಅಂತ ಬಂದಿದೆ, ಬ್ಲಾಕ್ ಅಂತಾನಾ?

ಬೆಣ್ಣೆದೋಸೆ_ಹುಡುಗ: ನಮ್ಮಪ್ಪಂಗೆ 61, ಬಿಪಿ ಹತ್ತು ವರ್ಷದಿಂದ ಇದೆ. ಮೊನ್ನೆ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದ್ವಿ, ಅದ್ರಲ್ಲಿ ಕತ್ತಿನ ಡಾಪ್ಲರೂ ಇತ್ತು. ಐಎಂಟಿ (ಗೋಡೆ ದಪ್ಪದ ಅಳತೆ) ಬಲಗಡೆ 0.9, ಎಡಗಡೆ 1.0 ಮಿಲಿಮೀಟರ್, ಹೆಚ್ಚಾಗಿದೆ, ಪ್ಲಾಕ್ ಇಲ್ಲ ಅಂತ ಬರೆದಿದಾರೆ. ಡಾಕ್ಟ್ರು ಸಿಗೋದು ಸೋಮವಾರ, ಅಷ್ಟರಲ್ಲಿ ಅಮ್ಮ ಸ್ಟ್ರೋಕ್ ಆಗೇಬಿಡುತ್ತೆ ಅಂತ ಊಟ ಬಿಟ್ಟು ಕೂತಿದಾರೆ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡ್ಸಿ ಅಂತಾನೂ ಹೇಳಿದಾರೆ, ಬೇಕಾ?

ಜೆಲ್_ಬಾಟ್ಲಿ: ಸ್ಕ್ಯಾನ್ ರೂಮಲ್ಲೇ ನನ್ನ ಕೆಲಸ, ಮೊದ್ಲು ಅಮ್ಮಂಗೆ ಊಟ ಮಾಡೋಕೆ ಹೇಳಿ. ಬ್ಲಾಕ್ ಬೇರೆ, ಇದು ಬೇರೆ. ಕತ್ತು ಒಂದು ಕಡೆ ತಿರುಗಿಸಿ ಜೆಲ್ ಹಚ್ಚಿ ಪ್ರೋಬ್ ಇಟ್ರೆ ಕ್ಯಾರೋಟಿಡ್ ನಾಳದ (ಕತ್ತಿಂದ ಮೆದುಳಿಗೆ ರಕ್ತ ಒಯ್ಯೋದು) ಹಿಂದಿನ ಗೋಡೆ ಎರಡು ಬಿಳಿ ಗೆರೆ ಥರ ಕಾಣುತ್ತೆ, ಮಧ್ಯ ಒಂದು ಕಪ್ಪು ಗೆರೆ, ರೈಲ್ವೆ ಹಳಿ ಇದ್ದಂಗೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆವರೆಗಿನ ಅಳತೆನೇ ಐಎಂಟಿ, ಅಂದ್ರೆ ಗೋಡೆಯ ಮೂರು ಪದರದಲ್ಲಿ ಒಳಗಿನ ಎರಡು ಸೇರಿದ ದಪ್ಪ. ಬಿಪಿ ಜಾಸ್ತಿ ಇದ್ರೆ ಗೋಡೆ ಮೇಲೆ ಒತ್ತಡ ಬೀಳುತ್ತೆ, ಅದನ್ನ ತಡೆಯೋಕೆ ನಡುವಿನ ಸ್ನಾಯು ಪದರ ದಪ್ಪ ಆಗುತ್ತೆ, ದಿನಾ ಮೂಟೆ ಹೊರೋರ ತೋಳು ಗಟ್ಟಿ ಆಗಲ್ವಾ ಹಂಗೆ (ಆದ್ರೆ ಇಲ್ಲಿ ಅದು ಒಳ್ಳೇದಲ್ಲ). ವಯಸ್ಸಾದ್ರೂ ದಪ್ಪ ಆಗುತ್ತೆ. ಕೊಬ್ಬು ಸೇರಿ ಒಂದೇ ಜಾಗದಲ್ಲಿ ಉಬ್ಬಿ ಬರೋದು ಪ್ಲಾಕ್, ಸಾಮಾನ್ಯವಾಗಿ 1.5 ದಾಟಿದ್ರೆ ಹಂಗೆ ಕರೀತೀವಿ. ಅದು ಅಪ್ಪಂಗೆ ಇಲ್ಲ.

ಸುಮ್ನೆ_ಕೇಳ್ದೆ: ಹಂಗಾದ್ರೆ ದುಡ್ಡು ಕೀಳೋಕೆ ಮಾಡ್ಸಿದ್ರಾ?

ಜೆಲ್_ಬಾಟ್ಲಿ: ಪೂರ್ತಿ ಹಂಗೂ ಹೇಳಕ್ಕಾಗಲ್ಲ. 2013ರ ಯುರೋಪಿನ ಬಿಪಿ ಗೈಡ್‌ಲೈನಲ್ಲಿ 0.9 ದಾಟಿದ್ರೆ ಬಿಪಿ ನಾಳಕ್ಕೆ ಪೆಟ್ಟು ಕೊಟ್ಟಿದೆ ಅಂತ ಲೆಕ್ಕ ಹಾಕಿದ್ರು, ಅದೇ ವರ್ಷ ಅಮೆರಿಕದವರು ಎಲ್ರಿಗೂ ರೊಟೀನಾಗಿ ಇದನ್ನ ಅಳೀಬೇಡಿ ಅಂದ್ರು. ನನಗೆ ಅಮೆರಿಕದವರ ಮಾತೇ ಸರಿ ಅನ್ಸುತ್ತೆ. ಆರು ತಿಂಗಳಿಗೆ ಮತ್ತೆ ಮಾಡ್ಸೋದಂತೂ ದಂಡ, ಯಾಕಂದ್ರೆ ಗೋಡೆ ವರ್ಷಕ್ಕೆ ಬೆಳೆಯೋದು 0.01 ಮಿಲಿಮೀಟರ್ ಆಸುಪಾಸು, ನಾನು ಪ್ರೋಬ್ ಸ್ವಲ್ಪ ಓರೆ ಹಿಡಿದ್ರೇನೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತೆ. ಅದು ಬಿಡಿ, ಮನೇಲಿ ಬಿಪಿ ಎಷ್ಟು ಬರ್ತಿದೆ?

ಬೆಣ್ಣೆದೋಸೆ_ಹುಡುಗ: ಈಗಷ್ಟೇ ನೋಡ್ದೆ, 158/94. ಕೇಳಿದ್ರೆ, ಹೋದ ತಿಂಗಳು ನಾರ್ಮಲ್ ಬಂದಿತ್ತಲ್ಲ ಅದಕ್ಕೇ ಮಾತ್ರೆ ದಿನ ಬಿಟ್ಟು ದಿನ ತಗೋತಿದೀನಿ ಅಂತಾರೆ 🤦

ಜೆಲ್_ಬಾಟ್ಲಿ: ಸಿಕ್ತಲ್ಲ ಕಾರಣ! ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಡಾಕ್ಟ್ರು ಬರ್ಕೊಟ್ಟಂಗೆ ದಿನಾ ತಗೊಳೋಕೆ ಹೇಳಿ, ಬಿಟ್ಟಿದ್ದಕ್ಕೆ ಎರಡೆರಡು ನುಂಗೋದು ಬೇಡ. ಐದು ನಿಮಿಷ ಸುಮ್ನೆ ಕೂರಿಸಿ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡಿ, ಸೋಮವಾರ ಸ್ಕ್ಯಾನ್ ರಿಪೋರ್ಟ್‌ಗಿಂತ ಮುಂಚೆ ಆ ಚೀಟಿ ತೋರಿಸಿ.

ಬೆಣ್ಣೆದೋಸೆ_ಹುಡುಗ: ಸರಿ ಸರ್. ಮಾತ್ರೆ ಡಬ್ಬಿ ಈಗ ಅಮ್ಮನ ಕೈಗೆ ಹೋಯ್ತು, ಅಪ್ಪ ನನ್ಮೇಲೆ ಮುನಿಸ್ಕೊಂಡು ಟೀವಿ ಮುಂದೆ ಕೂತಿದಾರೆ.