ಮನೆಯಲ್ಲೇ ಕಲಿತ ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆ ಯಾವುದು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಹದಿಮೂರು ವರ್ಷದ ಮಗಳಿಗೆ ನಾವೇ ಮನೆಯಲ್ಲಿ ಕಲಿಸುತ್ತಿದ್ದೇವೆ. ಇದು ಕಾನೂನಿಗೆ ವಿರುದ್ಧವೇ, ಪಿಯುಸಿಗೆ ಸೇರಲು ಅವಳು ಮುಂದೆ ಯಾವ ಪರೀಕ್ಷೆ ಬರೆಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ (ಧಾರವಾಡ): 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಮು ಹೇಳುತ್ತದೆಯಾದರೂ, ಸೇರಿಸದ ಪಾಲಕರಿಗೆ ಆ ಕಾಯ್ದೆಯಲ್ಲಿ ದಂಡವನ್ನೇನೂ ವಿಧಿಸಿಲ್ಲ.

ಉತ್ತರ (ಗದಗ): ಅವಳಿಗೆ 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲೆಯಾದ ಎನ್‌ಐಒಎಸ್‌ನಲ್ಲಿ ಹೆಸರು ನೋಂದಾಯಿಸಿರಿ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ನೋಂದಣಿ ಐದು ವರ್ಷ ಊರ್ಜಿತವಿರುವುದರಿಂದ ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ. ನನ್ನ ಮಗ ಗಣಿತವನ್ನು ಕೊನೆಗೆ ಇಟ್ಟುಕೊಂಡಿದ್ದ, ಅದೇ ಒಳ್ಳೆಯದಾಯಿತು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಜನ್ಮ ದಾಖಲೆಯನ್ನು ಈಗಲೇ ಹುಡುಕಿಡುತ್ತೇನೆ.